ಒಂದಕ್ಕೆ ಹನ್ನೆರಡು

ನಕ್ಷೆಯಲ್ಲಿ ಅದು ಆರಡಿ.
ನಾನೇ ಬರೆದದ್ದು, ಸ್ಕೇಲಿಟ್ಟು:
ಹಾಸನದ ಬಿ.ಎಂ. ರಸ್ತೆಯ ಎಡಕ್ಕೆ
ಎಲ್ಲೂ ತುಂಡಾಗದ ಎರಡು ಗೆರೆ.

"ಬನ್ನಿ ಸಾರ್, ಒಂದು ಸಲ ನಡೀರಿ" ಅಂದಳು ಇಂದ್ರಾಣಿ,
ಜೆರಾಕ್ಸ್ ಅಂಗಡಿಯವಳು,
ಮೂರನೇ ವಯಸ್ಸಿಗೇ ಕ್ಯಾಲಿಪರ್ ಕಟ್ಟಿಸಿಕೊಂಡವಳು.
"ಮುಂದೆ ಬೇಡ. ನನ್ನ ಹಿಂದೆ."

ಮೊದಲ ಅಂಚು, ಮೊಳಕ್ಕೆ ನಾಲ್ಕು ಬೆರಳು ಕಡಿಮೆ.
ಊರುಗೋಲು ಮೇಲಿಟ್ಟಳು, ಸೊಂಟ ತಿರುಗಿಸಿದಳು,
ಬಾವಿಯಿಂದ ಕೊಡ ಸೇದಿದ ಹಾಗೆ
ಕಬ್ಬಿಣದ ಕಾಲನ್ನು ಸೇದಿಕೊಂಡಳು.
ಹತ್ತು ಹೆಜ್ಜೆ. ಅಲ್ಲೊಂದು ಗೇಟಿಗೆ ನುಣ್ಣನೆ ಇಳಿಜಾರು,
ಕಾರಿಗೆ.
ಕಾರಿನ ಮೊಣಕಾಲು ನೋಯಬಾರದು ನೋಡಿ.
ಇಳಿದಳು. ಮತ್ತೆ ಹತ್ತಿದಳು.
ಚರಂಡಿಯ ಚಪ್ಪಡಿಯೊಂದು ಬಾಯಿ ಬಿಟ್ಟಿತ್ತು;
ಯಾರೋ ಪುಣ್ಯಾತ್ಮ ಅದರೊಳಗೆ ಹೊಂಗೆ ಕೊಂಬೆ ನೆಟ್ಟು
ಕೆಂಪು ಬಟ್ಟೆ ಕಟ್ಟಿದ್ದ.
ನಮ್ಮ ಇಲಾಖೆಗಿಂತ ಅವನೇ ವಾಸಿ.

ಟ್ರಾನ್ಸ್‌ಫಾರ್ಮರ್ ಬಂತು, ಬೇಲಿ ಸಮೇತ.
ಅವಳು ನಿಲ್ಲಲಿಲ್ಲ, ಬೈಯಲಿಲ್ಲ,
ಆಟೋ, ಲಾರಿ, ಸಕಲೇಶಪುರದ ಬಸ್ಸಿನ ನಡುವೆ
ಡಾಂಬರಿಗಿಳಿದು ನಡೆದೇಬಿಟ್ಟಳು.
ಭಯವಾದದ್ದು ನನಗೆ.
"ದಿನಾ ಇದೇ ಸಾರ್ ನನ್ನ ಫುಟ್‌ಪಾತು.
ರಸ್ತೆ ಒಂದಿನ ಸಾಯಿಸಬಹುದು. ಆದ್ರೆ
ಹತ್ತು, ಇಳಿ, ಹತ್ತು ಅಂತ ಆಡಿಸಲ್ಲ."

ಆಮೇಲೆ ರಹಮತ್ತುಲ್ಲನ ಸೀಬೆಹಣ್ಣಿನ ಗಾಡಿ.
'ಒತ್ತುವರಿ' ಅಂತ ಬರೆಯಲು ಪೆನ್ನು ತೆಗೆದೆ.
ಅವನು ಕೇಳದೆಯೇ ಸ್ಟೂಲು ಜರುಗಿಸಿದ;
ಕೂತಳು, ಉಸಿರು ತಗೊಂಡಳು.
ಒಂದು ಹಣ್ಣು ಸೀಳಿ ಉಪ್ಪುಖಾರ ಹಚ್ಚಿ ಕೊಟ್ಟ.
"ಇವರನ್ನ ಎತ್ತಿಸಬೇಡಿ. ಇಡೀ ದಾರೀಲಿ
ಕೂರೋಕೆ ಇರೋದು ಇದೊಂದೇ ಜಾಗ.
ಎರಡಡಿ ಆ ಕಡೆ ಸರಿಸಿ ಬೇಕಾದ್ರೆ, ಮರದ ಬುಡಕ್ಕೆ."
ನನ್ನ ಪೆನ್ನಿನ ಮುಚ್ಚಳ ಎಲ್ಲೋ ಬಿತ್ತು. ಸಿಗಲಿಲ್ಲ.

ರಾತ್ರಿ ನಕ್ಷೆ ಬಿಡಿಸಿ ಕೂತೆ.
ಒಂದಡಿ ಏರಲು ಹನ್ನೆರಡಡಿ ನೆಲ.
ಪರೀಕ್ಷೆಯಲ್ಲಿ ಬರೆದು ಎರಡು ಅಂಕ ಪಡೆದಿದ್ದೆ,
ಮರೆತಿದ್ದೆ.
ಒಂದಕ್ಕೆ ಹನ್ನೆರಡು: ಕೇಳಿದರೆ ಮೀಟರ್ ಬಡ್ಡಿಯ ಹಾಗಿದೆ.
ಅಲ್ಲ, ಅದು ನೆಲದ ತಾಳ್ಮೆ,
ಒಂದು ಗೇಣು ಎತ್ತರವನ್ನು
ಹನ್ನೆರಡು ಗೇಣು ಉದ್ದಕ್ಕೆ ಮೆಲ್ಲಗೆ ಹೇಳುವುದು.

ಅಂಚುಗಳನ್ನು ಇಳಿಸಿದೆ. ಟ್ರಾನ್ಸ್‌ಫಾರ್ಮರ್ ಸರಿಸಿದೆ.
ಕಾಗದದ ಮೇಲೆ ರಬ್ಬರು ಸಾಕು.
ಸ್ಟೂಲಿಗೆ ಮಾತ್ರ
ಸಂಕೇತಗಳ ಪಟ್ಟಿಯಲ್ಲಿ ಗುರುತೇ ಇರಲಿಲ್ಲ.
ಪುಟ್ಟದೊಂದು ಸೊನ್ನೆ ಸುತ್ತಿ, ಪಕ್ಕದಲ್ಲಿ
'ಸೀಬೆಹಣ್ಣು' ಅಂತ ಬರೆದೆ.

ನಾಳೆ ಮೇಲಿನವರು ಕೇಳುತ್ತಾರೆ, ಇದೇನ್ರೀ ಅಂತ.
ಬನ್ನಿ ಸಾರ್, ಒಂದು ಸಲ ನಡೀರಿ, ಅನ್ನುತ್ತೇನೆ.
ಮುಂದೆ ಬೇಡ.