ಮುಂದೂಡಿದ್ದು

ಬಾ ಇಂಪನಾ, ಕೂತ್ಕೋ. ಆ ಕುರ್ಚಿಗೆ ಒಂದು ಕಾಲು ಕುಂಟು,
ಗೋಡೆಗೆ ಒರಗಿಸಿಕೊಂಡರೆ ನಿಲ್ಲುತ್ತದೆ.
ಇದು ಹಾಸನ ನಗರಸಭೆಯ ಕೌನ್ಸಿಲ್ ಶಾಖೆ.
ನಿಮ್ಮಪ್ಪ ದ್ಯಾವಯ್ಯ ಊರಿಗೆಲ್ಲ ನೀರು ಬಿಟ್ಟವನು.
ಯಾವ ಬೀದಿಗೆ ಎಷ್ಟು ಸುತ್ತು ತಿರುಗಿಸಬೇಕು
ಎಂಬುದು ಅವನ ಮಣಿಕಟ್ಟಿಗೆ ಗೊತ್ತಿತ್ತು.
ಇಲ್ಲೂ ಅದೇ ಕೆಲಸ. ವಾಲ್ವು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಸಭೆ ಇಪ್ಪತ್ತೆಂಟಕ್ಕೆ. ಏಳು ದಿನ ಮೊದಲೇ
ನೋಟೀಸು ಮನೆಮನೆ ಮುಟ್ಟಬೇಕು, ಸಹಿ ಬೇಕು.
ಸದಸ್ಯೆಯಾದರೆ ಗಂಡ ಸಹಿ ಮಾಡುತ್ತಾನೆ. ಏನೂ ಕೇಳಬೇಡ.

ವಿಷಯ ಒಂದು, ಹಿಂದಿನ ನಡಾವಳಿ ಓದಿ ದೃಢೀಕರಿಸುವುದು.
ಯಾರೂ ಓದುವುದಿಲ್ಲ, ಎಲ್ಲರೂ ದೃಢೀಕರಿಸುತ್ತಾರೆ.
ಎರಡು, ಜಮಾ ಖರ್ಚು.
ಮೂರರಿಂದ ಒಂಬತ್ತು, ಘಟನೋತ್ತರ ಅನುಮೋದನೆ.
ಅಂದರೆ, ಕೂಸು ನಡೆಯತೊಡಗಿದ ಮೇಲೆ
ಮದುವೆಗೆ ಮುಹೂರ್ತ ಹುಡುಕುವುದು.
ಹತ್ತು, ವೃತ್ತಕ್ಕೆ ಹೆಸರು. ಹೆಸರಿಗೆ ಎರಡು ಗುಂಪು.
ಅಷ್ಟರಲ್ಲಿ ಟೀ ಬರುತ್ತದೆ, ಜೊತೆಗೆ ಎರಡು ಬೋಂಡಾ.
ಹದಿನೈದು ದಾಟಿದ ಮೇಲೆ ಯಾರೂ ಹಾಳೆ ತಿರುವುವುದಿಲ್ಲ.
ನಲವತ್ತು ಅಂದರೆ ಊರಾಚೆ.

ಊರಾಚೆ ಯಾರಿರುತ್ತಾರೆ ಅಂದರೆ, ಮೆಹರುನ್ನಿಸಾ.
ಪೆನ್ಷನ್ ಮೊಹಲ್ಲಾದ ಅಂಗನವಾಡಿಯಲ್ಲಿ ಸಹಾಯಕಿ.
ಬಾಗಿಲ ಮುಂದಿನ ಚರಂಡಿಗೆ ಎರಡು ಚಪ್ಪಡಿ ಕೇಳಿ ಮೂರು ವರ್ಷ.
ಮಕ್ಕಳನ್ನು ಒಂದೊಂದಾಗಿ ಎತ್ತಿ ದಾಟಿಸುತ್ತಾಳೆ,
ಬೆಳಗ್ಗೆ ಹತ್ತೊಂಬತ್ತು, ಮಧ್ಯಾಹ್ನ ಹತ್ತೊಂಬತ್ತು.
ಅರ್ಜಿ ಟಪಾಲಿಗೆ ಬಿತ್ತು, ನಂಬರು ಬಿತ್ತು,
ಇಂಜಿನಿಯರ್ ಮೇಜಿಗೆ ಹೋಯಿತು: ಅಂದಾಜುಪಟ್ಟಿ ಲಗತ್ತಿಸಿ.
ಲಗತ್ತಿಸಿದರೆ ಲೆಕ್ಕಶಾಖೆ: ಅನುದಾನ ಲಭ್ಯತೆ ಪರಿಶೀಲಿಸಿ.
ಪರಿಶೀಲಿಸುವಷ್ಟರಲ್ಲಿ ದರಪಟ್ಟಿ ಹಳತಾಯಿತು, ಮತ್ತೆ ಇಂಜಿನಿಯರ್.
ಹಸಿರು ಶಾಯಿಯ ಮೇಲೆ ಕೆಂಪು ಶಾಯಿ.
ಕಡತದ ದಾರ ಮಾತ್ರ ಎರಡು ಸಲ ಹೊಸದು ಕಟ್ಟಿದೆ ನಾನು.
ಪೌರಾಯುಕ್ತರು ‘ಮುಂದಿನ ಸಭೆಗೆ’ ಎಂದು ಬರೆದರು,
ಪೆನ್ಸಿಲಿನಲ್ಲಿ. ಪೆನ್ಸಿಲು, ಗಮನಿಸು.

ಹೋದ ತಿಂಗಳು ಆರನೇ ಹಾಳೆಯ ಬುಡದಲ್ಲಿ
ಎರಡು ಸಾಲು ಖಾಲಿ ಉಳಿಯಿತು.
ಕಡತ ಹಿಡಿದು ಒಳಗೆ ಹೋದೆ. ಅಧ್ಯಕ್ಷರು ಫೋನಿನಲ್ಲಿದ್ದರು.
ಯಾವುದ್ರೀ ಅದು? ಚಪ್ಪಡಿ ಸಾರ್.
ಎಷ್ಟು? ಎರಡು ಸಾರ್.
ಲಕ್ಷ ಅಂದುಕೊಂಡರೋ ಏನೋ, ಟಿಕ್ ಬಿತ್ತು.
ವಿಷಯ ನಲವತ್ತೊಂದು.

ಸಭೆಯ ದಿನ ರಜೆ ಹಾಕಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು,
ಪ್ಲಾಸ್ಟಿಕ್ ಕವರಿನಲ್ಲಿ ಅರ್ಜಿಯ ನಕಲು.
ಹತ್ತನೇ ವಿಷಯಕ್ಕೇ ಮೈಕು ಮುರಿಯಿತು.
ಅರ್ಧ ಜನ ಎದ್ದು ನಡೆದರು. ಕೋರಂ ಇಲ್ಲ. ಮುಂದೂಡಲಾಗಿದೆ.
ಮೆಟ್ಟಿಲ ಮೇಲೆ ನಿಂತು ನನ್ನನ್ನು ನೋಡಿದಳು, ಏನೂ ಅನ್ನಲಿಲ್ಲ.
ಅವತ್ತು ಆ ಹತ್ತೊಂಬತ್ತನ್ನು ಯಾರು ದಾಟಿಸಿದರೋ,
ಕೇಳಲು ನನಗೂ ಬಾಯಿ ಬರಲಿಲ್ಲ.

ಆದರೆ ಇಂಪನಾ, ಈ ಶಾಖೆಯಲ್ಲಿ ಹಳೇ ರೂಢಿಯೊಂದಿದೆ,
ನಿಂತುಹೋದ ಸಭೆಯ ವಿಷಯಗಳು
ಮುಂದಿನ ಸಭೆಯಲ್ಲಿ ಮೊದಲು.
ಮುಂದೂಡಿದ್ದು ಮುಂದೆ ಬರುತ್ತದೆ.
ಮುಂದೆ ಹಾಕುವವರಿಗೂ ಮುಂದೆ ತರುವವರಿಗೂ
ನಮ್ಮ ಭಾಷೆ ಕೊಟ್ಟಿರುವುದು ಒಂದೇ ಮುಂದೆ.
ಅವುಗಳಲ್ಲಿ ಯಾವುದು ಮೊದಲು? ಯಾರೂ ಬರೆದಿಟ್ಟಿಲ್ಲ.
ಅದು ಟೈಪು ಮಾಡುವವರ ಬೆರಳು.
ಒಂದೇ ಸುತ್ತು, ಎರಡಲ್ಲ. ಎರಡು ಸುತ್ತಿದರೆ
ಮೇಲಿನ ಬೀದಿಯವರು ಬಂದು ಕೇಳುತ್ತಾರೆ.

ನನಗೆ ಇನ್ನು ಎರಡೇ ಸಭೆ. ಆಮೇಲೆ ಈ ಮೇಜು ನಿನ್ನದು.
ಹೂಂ, ಟೈಪು ಮಾಡು. ವಿಷಯ ಮೂರು.
ಪೆನ್ಷನ್ ಮೊಹಲ್ಲಾ ಅಂಗನವಾಡಿ ಮುಂದಿನ ಚರಂಡಿಗೆ ಚಪ್ಪಡಿ.
‘ಚಪಡಿ’ ಅಂತಾದರೆ ತಿದ್ದಲು ವಾಪಸು ಬರುತ್ತದೆ, ಹೋಗಿ ಬರಲು ತಿಂಗಳು.
ಪಕಾರಕ್ಕೆ ಒತ್ತು ಕೊಡು.
ಜೋರಾಗಿ ಒತ್ತು, ಆ ಕೀಲಿ ಸ್ವಲ್ಪ ಕಚ್ಚಿಕೊಳ್ಳುತ್ತದೆ.