ಬೆಂಡಿಗೆ ದುಡ್ಡಿಲ್ಲ

ಚಪ್ಪಲಿ ಅಲ್ಲೇ ಬಿಡಿ, ಮುಸ್ಬಾ ಸಾಹೇಬ್ರೇ,
ಗುಡಿಯಲ್ಲ, ಮಸೀದಿಯಲ್ಲ, ಇದು ವಾರ್ನಿಶ್ಶು.
ಹದಿನಾಲ್ಕು ಕೋಟು. ಒಂಬತ್ತನೆಯದು ಹಸಿಯಿದ್ದಾಗ
ಶಮಾಲ್ ಗಾಳಿ ಬಂದು ಮರಳು ತೂರಿತು;
ಹದಿನೇಳು ಅಡಿಯನ್ನೂ ಮತ್ತೆ ಉಜ್ಜಿದೆ.
ಉಪ್ಪುಕಾಗದ ಹಿಡಿದೂ ಹಿಡಿದೂ ಬೆರಳ ಗೆರೆ ಸವೆದು
ಐಡಿ ಕಾರ್ಡಿನ ಆಫೀಸಿನಲ್ಲಿ ಯಂತ್ರ
ನಾನು ನಾನಲ್ಲ ಅಂದಿತು.

ಅರವತ್ತೆಂಟನೇ ಇಸವಿಯ ಮಹಾಗನಿ.
ಬಹರೇನಿನ ಎಣ್ಣೆ ಕಂಪನಿಯ ಬಿಳಿಯನೊಬ್ಬ ತರಿಸಿದ್ದಂತೆ,
ಆಮೇಲೆ ಯಾರ್ಯಾರ ಕೈಗೋ.
ನಾವು ಕಂಡಾಗ ಈ ಉಮ್ಮಲ್ ಕುವೈನಿನ ಹಿನ್ನೀರ ದಂಡೆಯಲ್ಲಿ
ಮಗುಚಿ ಬಿದ್ದಿತ್ತು, ಅಡಿಯಲ್ಲಿ ಆಡು ಮರಿ ಹಾಕಿತ್ತು.
ಕೊಟ್ಟದ್ದು ಸಾವಿರದೆಂಟುನೂರು ದಿರ್ಹಮ್,
ಜೊತೆಗೆ ಆಡಿಗೊಂದು ತಗಡಿನ ಮಾಡು.

ಇಂಜಿನ್ನು ಇದಿನಬ್ಬನದು.
ಬಿಚ್ಚಿ ಹರಡಿದ್ದ ಎಂಟು ಪಿಸ್ಟನ್ನು
ಅವನ ಮಂಚದ ಕೆಳಗೇ ಎರಡು ರಂಜಾನ್ ಕಳೆದವು.
ರೂಮಿನವರು ಬೈದರು. ಅವನು ಕಿವಿ ಕೊಡಲಿಲ್ಲ,
ಕಿವಿ ಪೂರಾ ಇಂಜಿನ್ನಿಗೇ.
ಕೇಳಿ, ಈಗ ಹೇಗೆ ಗುಟುರು ಹಾಕುತ್ತದೆ,
ಸಿಟ್ಟಿಲ್ಲದ ಕೋಣದ ಹಾಗೆ.

ನಾನು ಗಂಗೊಳ್ಳಿ ಖಾರ್ವಿ. ನಮಗೆ ದೋಣಿ ಅಂದರೆ
ಬಲೆ ಹೊರಬೇಕು, ಬಂಗುಡೆ ತರಬೇಕು,
ಇಲ್ಲವೇ ಸುದ್ದಿಯನ್ನಾದರೂ ತರಬೇಕು.
ಇದು ಏನನ್ನೂ ತರುವುದಿಲ್ಲ.
ಹಗ್ಗದ ತುದಿಗೆ ಮನುಷ್ಯನನ್ನೇ
ಗಾಳದ ಸಿಗಡಿಯ ಹಾಗೆ ಕಟ್ಟಿ ಎಳೆಯುತ್ತದೆ.
‘ಎಂಥ ಕಚ್ಚುತ್ತೆ ಅದಕ್ಕೆ?’ ಫೋನಿನಲ್ಲಿ ಅಣ್ಣ ಕೇಳಿದ.
ಇವತ್ತಿಗೂ ಉತ್ತರ ಹೇಳಿಲ್ಲ.

ಈ ಕನ್ನಡಿ ನೋಡಿ. ಮುಖ ನೋಡಲಿಕ್ಕಲ್ಲ.
ಹಿಂದಿನವನು ನಿಂತಿದ್ದಾನೋ ಬಿದ್ದನೋ ಅಂತ.
ಚುಕ್ಕಾಣಿ ಹಿಡಿದವನು ಮುಂದೆ ಹೋಗುತ್ತ
ಹಿಂದೆಯೇ ಕಣ್ಣಿಟ್ಟಿರಬೇಕು, ವಿಚಿತ್ರ ಕೆಲಸ.
ಮತ್ತೆ ಅಲೆ: ಇದು ಬಿಡುವುದೇ ಕಡಿಮೆ.
ಓಡಿಯೂ ಕಲಕದಿರುವುದು,
ಅದಕ್ಕೇ ಇದರ ರೇಟು.

ಸೀಟಿನ ಹಲಗೆ ಎತ್ತಿ. ಕೆಳಗಡೆ ಓದಿ.
ಪೆನ್ಸಿಲ್ ಗೀರು. ‘ಬೆರಿಲ್’ ಅಂತ ಬರೆದು ಹದಿನಾಲ್ಕು,
‘ಹ್ಯೂ’ ಅಂತ ಬರೆದು ಐದು, ಆಮೇಲೆ ಎರಡು ಅಳಿಸಿದ್ದು.
ಬಿದ್ದ ಲೆಕ್ಕ. ಎದ್ದದ್ದನ್ನು ಯಾರೂ ಬರೆದಿಲ್ಲ.
ಆ ಒಂದು ಹಲಗೆಗೆ ನಾನು ಕಾಗದ ಮುಟ್ಟಿಸಲಿಲ್ಲ.

ಅದರ ಪಕ್ಕದ ಕನ್ನಡದ ಏಳು ಗೀರು ನನ್ನವು.
(ಗೀರಿಗೆ ಭಾಷೆ ಎಲ್ಲಿಯದು ಅಂತೀರಾ? ಇರಲಿ.)
ಎಳೆದೇ ನೋಡದೆ ಎಳೆಯುತ್ತದೆ ಅಂತ ಹೇಗೆ ಮಾರಲಿ?
ಐವತ್ತಾರನೇ ವಯಸ್ಸಿಗೆ ಕಾಲಿಗೆ ಹಲಗೆ ಕಟ್ಟಿದೆ.
ಏಳು ಸಲ ಮೂಗಿನ ತುಂಬ ಕೊಲ್ಲಿ.
ಎಂಟನೇ ಸಲ, ಕಾಂಡ್ಲಾ ಗಿಡಗಳ ಆ ತಿರುವಿನಲ್ಲಿ,
ನೀರು ಗಟ್ಟಿಯಾಯಿತು ಸಾಹೇಬ್ರೇ, ನಿಂತೆ.
ಹನ್ನೊಂದು ಎಣಿಸುವಷ್ಟು ಹೊತ್ತು.
ಕನ್ನಡಿಯಲ್ಲಿ ಇದಿನಬ್ಬನ ಹಲ್ಲು ಕಂಡವು.

ನೀವು ಟೇಪು ಹಿಡಿದಿದ್ದೀರಿ.
ಆಗಿನಿಂದ ನೋಡುತ್ತಿದ್ದೇನೆ,
ಎಷ್ಟು ಓಡುತ್ತದೆ ಅಂತ ಕೇಳಲಿಲ್ಲ,
ಎಷ್ಟು ತೂಕ, ಎಷ್ಟು ಅಗಲ, ಕೊಕ್ಕೆ ಎಲ್ಲಿ ಹಾಕಬಹುದು.
ದೇರಾದ ಹೊಸ ಮೀನು ಹೋಟೆಲಿನ ಸೂರಿಗೆ, ಅಲ್ಲವೇ?
ಕೆಳಗೆ ಜನ ಕಾಣೆ ರವಾ ಫ್ರೈ ತಿನ್ನುತ್ತಾರೆ,
ಮೇಲೆ ಇದು ತೇಲುತ್ತಿರುತ್ತದೆ, ದೀಪದಲ್ಲಿ.

ಇಲ್ಲ ಅನ್ನುವುದಿಲ್ಲ.
ಇದಿನಬ್ಬನ ಪಾಲು ಕೊಡಬೇಕು, ಅವನ ವೀಸಾ ಮಾರ್ಚಿಗೆ ಮುಗಿಯುತ್ತದೆ.
ಮಾರುವವನು ಮಾರಬೇಕು.
ಒಂದೇ ಮಾತು: ಏಸಿಯಲ್ಲಿ ಮರ ಒಣಗುತ್ತದೆ.
ನೀರು ಕುಡಿಯದ ಹಲಗೆ ಸಂದು ಬಿಡುತ್ತದೆ,
ಒಂದು ದಿನ ಯಾರದೋ ತಟ್ಟೆಯ ಮೇಲೆ ಬೆಳಕಿನ ಗೆರೆ ಬಿದ್ದೀತು.
ಆಗ ಫೋನ್ ಮಾಡಿ. ಇಳಿಸಿ, ಎರಡು ದಿನ
ಹಿನ್ನೀರಿನಲ್ಲಿ ಮುಳುಗಿಸಿಟ್ಟು ಕೊಡುತ್ತೇನೆ, ಉಬ್ಬಿ ಕೂಡಿಕೊಳ್ಳುತ್ತದೆ.

ಎಪ್ಪತ್ತೈದಕ್ಕೆ ಒಂದು ದಿರ್ಹಮೂ ಕಡಿಮೆಯಿಲ್ಲ, ಸಾವಿರದ ಲೆಕ್ಕದಲ್ಲಿ.
ತಗೊಳ್ಳಿ ಕೀಲಿಕೈ.
ಅದಕ್ಕೆ ಕಟ್ಟಿದ್ದು ನಮ್ಮೂರ ಬಲೆಯ ಬೆಂಡು,
ನೀರಿಗೆ ಬಿದ್ದರೂ ತೇಲುತ್ತದೆ.
ನಿಮ್ಮಲ್ಲಿ ನೆಲಕ್ಕೇ ಬೀಳುತ್ತದೆ, ಗೊತ್ತು.
ಆದರೂ ಇರಲಿ.
ಬೆಂಡಿಗೆ ದುಡ್ಡಿಲ್ಲ.