ಗುಣಿಸಿ ನೋಡಿ

ಮಂಗಳವಾರ, ಮೂರನೇ ಮಹಡಿ, ಖರೀದಿ ಸಮಿತಿ.
ಕಿಟಕಿಯಾಚೆ ವಿಲ್ಸನ್ ಗಾರ್ಡನ್ನಿನ ಹಾರ್ನು,
ಮೇಜಿನ ಮೇಲೆ ಸ್ಟೀಲ್ ಟ್ರೇ, ಟ್ರೇಯಲ್ಲಿ ಮೂರು ಕನೆಕ್ಟರು,
ಒಂದೊಂದೂ ಹಸಿ ಕಡಲೆಕಾಯಿಯಷ್ಟು ಉದ್ದ.

ಕಂಪನಿಯ ಹುಡುಗ ಟೈ ನೇರ ಮಾಡಿಕೊಂಡ:
ಸೂಜಿಯೇ ಬೇಡ ಮೇಡಂ. ತಿರುಪಿ, ಔಷಧಿ ತಳ್ಳಿ, ತೆಗೀರಿ,
ತಾನಾಗೇ ಮುಚ್ಕೊಳ್ಳುತ್ತೆ.
ನೀಲಿಯದರಲ್ಲಿ ಸ್ಪ್ರಿಂಗು,
ಬಿಳಿಯದು ತೆಗೆಯುವಾಗ ಒಂದು ಹನಿ ಮುಂದಕ್ಕೆ ನೂಕುತ್ತೆ.
ಮೂರನೆಯದು ಅವನದಲ್ಲ:
ಗಾಜಿನಂಥ ಮೈ, ನೆತ್ತಿಯಲ್ಲಿ ಸೀಳಿದ ರಬ್ಬರು, ಇನ್ನೇನಿಲ್ಲ.
ಅದರ ಬಗ್ಗೆ ಅವನು ಮಾತಾಡಲಿಲ್ಲ.

ಸ್ಟೋರಿನ ಮುದ್ದುವೀರಯ್ಯ ಕನ್ನಡಕ ಹಣೆಗೇರಿಸಿ ಓದಿದರು:
ನಲವತ್ತೊಂದು. ಎಪ್ಪತ್ತಾರು. ಅರವತ್ತೆಂಟು.
ನೀಲಿಯೇ ಎಲ್ ಒನ್. ತಿಂಗಳಿಗೆ ನಾಲ್ಕು ಸಾವಿರ ಪೀಸು,
ಗುಣಿಸಿ ನೋಡಿ ಸಿಸ್ಟರ್. ಆಡಿಟ್ಟಿಗೆ ನೀವು ಬರ್ತೀರಾ?

ಗುಣಿಸಲಿಲ್ಲ. ಎಸ್ತರ್ ರಾಣಿ ನೆನಪಾದಳು.
ಆಗೆಲ್ಲ ಡ್ರಿಪ್ಪಿನ ರಬ್ಬರಿಗೆ ಚುಚ್ಚಿಯೇ ಔಷಧಿ.
ರಾತ್ರಿ ಎರಡೂವರೆಗೆ, ಗ್ಲೌಸ್ ದಾಟಿ,
ಉಂಗುರದ ಬೆರಳಿಗೆ ಹೋದದ್ದು
ಸೊಳ್ಳೆ ಕಡಿದಷ್ಟೂ ಅಲ್ಲ.
ಆಮೇಲೆ ಆರು ತಿಂಗಳು, ಮೂರು ಸಲ ರಕ್ತ ಕೊಟ್ಟು,
ಮಗಳಿಗೆ ಮುತ್ತು ಕೊಡದೆ
(ಕೊಡಬೇಡವೆಂದು ಯಾರೂ ಹೇಳಿರಲಿಲ್ಲ).
ರಿಪೋರ್ಟು ಚೆನ್ನಾಗಿಯೇ ಬಂತು.
ಅವಳು ಬಂಗಾರಪೇಟೆಯ ರೈಲು ಹತ್ತಿದವಳು
ಮತ್ತೆ ಡ್ಯೂಟಿಗೆ ಬರಲಿಲ್ಲ.

ಸೂಜಿ ಬೇಡ ಎಂದವರಿಗೆ ಅದಕ್ಕೇ ಕೈ ಮುಗಿಯುತ್ತೇನೆ.
ಆದರೆ ಸೂಜಿ ಹೋದರೂ ದಾರಿ ಹೋಗುವುದಿಲ್ಲ.
ಇದೂ ಒಂದು ಬಾಗಿಲೇ. ಬಾಗಿಲೆಂದ ಮೇಲೆ
ಹೊಸಿಲಲ್ಲಿ ಯಾರು ಕೂತಿದ್ದಾರೆ, ನೋಡಬೇಕಲ್ಲ.

ಊಟದ ಚೀಲದಿಂದ ಸಣ್ಣ ಬಾಟಲಿ ತೆಗೆದೆ,
ಬೆಳಿಗ್ಗೆ ಪಲ್ಯಕ್ಕೆ ಬೇಯಿಸಿದ ಬೀಟ್‌ರೂಟಿನ ನೀರು.
ಹುಡುಗ ನಕ್ಕ. ಡಾಕ್ಟರು ಕೇಳಿದರು, ಇದು ಸೈನ್ಸಾ ಸಿಸ್ಟರ್?
ಅಲ್ಲ ಸಾರ್, ಪಲ್ಯ.

ಮೂರಕ್ಕೂ ಕೆಂಪು ಎಳೆದೆ. ಹತ್ತು ಎಂಎಲ್ ಸಲೈನು
ತಳ್ಳಿ, ನಿಲ್ಲಿಸಿ, ತಳ್ಳಿ, ನಿಲ್ಲಿಸಿ,
ಹೊಸ ಹುಡುಗಿಯರಿಗೆ ಕಲಿಸುವ ಹಾಗೇ.
ನೀಲಿ ಹೊರಗಿನಿಂದ ಮದುವೆಗೆ ಹೊರಟಷ್ಟು ಚೊಕ್ಕ.
ಬ್ಲೇಡಿನಲ್ಲಿ ಸೀಳಿದೆ:
ಸ್ಪ್ರಿಂಗಿನ ಸುತ್ತುಗಳಲ್ಲಿ, ಪೊರಕೆ ಮುಟ್ಟದ ಮೂಲೆಯಲ್ಲಿ
ಕೆಂಪು.
ಬಿಳಿಯದರಲ್ಲೂ ಒಂದು ಗೆರೆ.
ಮೂರನೆಯದನ್ನು ಕೊಯ್ಯುವುದೇ ಬೇಕಾಗಲಿಲ್ಲ,
ಉಳಿದ ನಸುಗೆಂಪು ಹೊರಗಿನಿಂದಲೇ ಕಂಡಿತು,
ಇನ್ನೈದು ಎಂಎಲ್ಲಿಗೆ ಹೋಯಿತು.
ಕಂಡದ್ದನ್ನು ತೊಳೆಯಬಹುದು ಎಂದೆ. ಅಷ್ಟೇ ಎಂದೆ.

ಮುದ್ದುವೀರಯ್ಯ ಬಹಳ ಹೊತ್ತು ಟ್ರೇ ನೋಡಿದರು.
ಹಳೇ ನೀಲಿ ಮುನ್ನೂರಿದೆಯಲ್ಲ, ಅದನ್ನ ಮುಗಿಸಿ ಆಮೇಲೆ...
ಬೇಡ ಸಾರ್. ಈ ವಾರ್ಡಿನಲ್ಲಿ ಕ್ಲಾಂಪ್ ಹಾಕಿ ಬಿಚ್ಚಬೇಕು,
ಪಕ್ಕದ ವಾರ್ಡಿನಲ್ಲಿ ಬಿಚ್ಚಿ ಕ್ಲಾಂಪ್ ಹಾಕಬೇಕು,
ಬೆಳಗಿನ ಜಾವ ನಾಲ್ಕಕ್ಕೆ ಯಾವ ಕೈಗೆ ನೆನಪಿರುತ್ತೆ?
ಅವರು ಬರೆದುಕೊಂಡರು:
ಮುನ್ನೂರೂ ನರ್ಸಿಂಗ್ ಸ್ಕೂಲಿಗೆ. ಕಲಿಯುವ ಕೈಗಳಿಗೆ.
ಬೀಟ್‌ರೂಟಿನ ಕಲೆ ಅವರ ಫೈಲಿನ ಮೇಲೂ ಒಂದು ಬಿದ್ದಿತ್ತು,
ಇಬ್ಬರೂ ಸುಮ್ಮನಿದ್ದೆವು.

ಆರು ವಾರದ ಮೇಲೆ ಸರಕು ಬಂತು.

ಸಂಜೆ, ಮಕ್ಕಳ ವಾರ್ಡು. ಸುಹೇಲನ ಎದೆಯ ಮೇಲಿನ ಲೈನಿಗೆ
ಥೋಯ್ಬಿ ಸ್ಪಿರಿಟ್ ಪ್ಯಾಡಿನಿಂದ ರಬ್ಬರಿನ ನೆತ್ತಿ ಉಜ್ಜುತ್ತಿದ್ದಾಳೆ.
ಇಂಫಾಲದ ಹುಡುಗಿ. ಹದಿನೈದು ಸೆಕೆಂಡೆಂದರೆ
ಗಡಿಯಾರ ತೋರಿಸಿದೆ, ಕೈಗೆ ಹತ್ತಲಿಲ್ಲ;
ಮಗ್ಗಿ ಕಲಿಸಿದೆ.
ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು,
ಇಪ್ಪತ್ತಕ್ಕೆ ನಿಲ್ಲಿಸು, ಒಣಗಲು ಬಿಡು.
ಅವಳ ಕನ್ನಡ ಶುರುವಾದದ್ದು ಅಲ್ಲಿಂದ.

ವಾರ್ಡಿನ ಫೋನು ಹೊಡೆಯಿತು.
ಎರಡೇಳ್ಲ ಹದಿನಾಲ್ಕಕ್ಕೆ
ಅವಳ ಕೈ ನಿಂತಿತು.

ಸುಹೇಲ ಕಣ್ಣು ತೆರೆಯದೆ ಹೇಳಿದ:
ಅಕ್ಕಾ, ಇನ್ನೂ ಮೂರು ಇದೆ.